ಧನುರ್ಮಾಸದಲ್ಲಷ್ಟೇ ಬರುತ್ತಿದ್ದ ಕಣ

ಬೆಳಗಿನ ಐದೂವರೆ ಗಂಟೆ. ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಗುಡ್ಡವಿದೆ. ಹಿಂದೆ ನೀರು ಸಾಗಿಸಲೆಂದು ಕೊರೆದು, ಆಮೇಲೆ ಕೈಬಿಟ್ಟ ಸುರಂಗವೊಂದು ಅದರ ಬುಡದಲ್ಲಿದೆ. ಸುರಂಗದ ಬಾಯಿಗೆ ಕಟ್ಟಿದ ಸಣ್ಣ ಕೋಣೆಯಲ್ಲಿ, ಮಣೆಯ ಮೇಲೆ ಕುಳಿತು, ಗಂಗಾಭವಾನಿ ಉಗುರು ತೆಗೆದುಕೊಳ್ಳುತ್ತಿದ್ದಾರೆ. ನಿನ್ನೆಯೂ ತೆಗೆದಿದ್ದಾರೆ, ಮೊನ್ನೆಯೂ ತೆಗೆದಿದ್ದಾರೆ. ತೆಗೆಯಲು ಅಲ್ಲಿ ಏನೂ ಉಳಿದಿಲ್ಲ. ಆದರೂ ಹತ್ತು ಬೆರಳನ್ನೂ ದೀಪಕ್ಕೆ ಹಿಡಿದು ನೋಡಿ, ಸಣ್ಣ ಬ್ರಷ್ಷಿನಿಂದ ತುದಿಗಳನ್ನು ಉಜ್ಜುತ್ತಾರೆ.

ಅಂದು ಶುಕ್ರವಾರ. ಶುಕ್ರವಾರ ಉಗುರು ತೆಗೆಯಬಾರದೆಂಬ ಮನೆಯಲ್ಲಿ ಬೆಳೆದವನು ನಾನು. ನನ್ನ ಮುಖ ನೋಡಿ ಅವರಿಗೆ ತಿಳಿಯಿತು.

"ಗೊತ್ತೈತ್ರಿ ಅಜ್ಜಾರ, ಶುಕ್ರವಾರ ಐತಿ. ವಾರಕ್ಕೊಮ್ಮಿ ತಗಿಯಾಕಿಗೆ ದೋಷ. ದಿನಾ ತಗಿಯಾಕಿಗೆ ಯಾವ ವಾರದ್ದು ಅಂತ ಹಚ್ತಾನ ದೇವ್ರು?"

ಆಮೇಲೆ ಸ್ನಾನ. ಮನೆಯಲ್ಲಿ ಮಾಡಿದ ಸ್ನಾನ ಇಲ್ಲಿ ಲೆಕ್ಕಕ್ಕಿಲ್ಲ. ಸೀರೆ, ಬಳೆ, ಕಿವಿಯೋಲೆ, ಹಣೆಯ ಬೊಟ್ಟು ಎಲ್ಲವೂ ಹೊರಗಿನ ಬೀರುವಿನಲ್ಲಿ ಉಳಿಯುತ್ತವೆ. ತಲೆಯಿಂದ ಕಾಲಿನವರೆಗೆ ಬಿಳಿಯ ಅಂಗಿ, ಬಾಯಿಗೆ ಬಟ್ಟೆ, ಒಂದರ ಮೇಲೊಂದು ಎರಡು ಜೊತೆ ಕೈಗವಸು. ಗವಸು ಹಾಕಿಕೊಳ್ಳುವಾಗ ಇನ್ನೊಬ್ಬರು ಎದುರಿಗೆ ನಿಂತು ಅದರ ಬಾಯಿ ಅಗಲಿಸಿ ಹಿಡಿಯುತ್ತಾರೆ. ತೊಡುವವರ ಬರಿಗೈ ಗವಸಿನ ಹೊರಮೈಯನ್ನು ಮುಟ್ಟುವಂತಿಲ್ಲ. ಈ ನಿಯಮವನ್ನು ತಂದವರು ಗಂಗಾಭವಾನಿಯವರೇ. ಏಕೆ ತಂದರೆಂಬುದೇ ಈ ಬರಹದ ಕಥೆ.

ಒಳಗೆ ಅವರು ಸೀಸದ ಇಟ್ಟಿಗೆಗಳನ್ನು ತೊಳೆಯುತ್ತಾರೆ. ಒಂದೊಂದೂ ಹನ್ನೊಂದು ಕಿಲೋ. ದಿನಕ್ಕೆ ಮೂವತ್ತು. ಪ್ರತಿಯೊಂದಕ್ಕೂ ಮೂರು ತೊಳೆತ: ಮೊದಲು ಸಾಬೂನಿನ ನೀರು, ಆಮೇಲೆ ತೆಳುವಾದ ಆಮ್ಲ, ಕೊನೆಗೆ ಸ್ಪಿರಿಟ್ಟು. ಐವತ್ತೊಂದು ವರ್ಷದ ಈ ಹೆಂಗಸು ಇಟ್ಟಿಗೆಯನ್ನು ಎದೆಗೊತ್ತಿಕೊಂಡು ಎತ್ತುವುದಿಲ್ಲ. ಎದೆಗೆ ತಾಗಿದರೆ ಅಂಗಿಯ ದೂಳು ತಾಗುತ್ತದೆ. ತೋಳಿನ ಬಲದ ಮೇಲೆಯೇ ಎತ್ತಿ, ಮುಂದಕ್ಕೆ ಚಾಚಿ ಹಿಡಿದು, ಆರು ಹೆಜ್ಜೆ ನಡೆದು ಇಡುತ್ತಾರೆ. ಮೂವತ್ತು ಮುಗಿಯುವ ಹೊತ್ತಿಗೆ ಹೊರಗೆ ಬಿಸಿಲು ಬಂದಿರುತ್ತದೆ.

ಇಷ್ಟು ಮಡಿ ಯಾವ ದೇವರಿಗೆ ಎಂದು ಕೇಳಬಹುದು. ಸೀಸದ ಗೋಡೆಯ ಒಳಗೆ ತಾಮ್ರದ ಪೆಟ್ಟಿಗೆಯಿದೆ. ಅದರೊಳಗೆ ತಂಬಿಗೆಯ ಗಾತ್ರದ ಒಂದು ಹರಳು. ಆ ಹರಳು ಒಂದು ಕಣದ ದಾರಿ ಕಾಯುತ್ತಿದೆ. ಅಂಥ ಕಣ ಇದೆಯೋ ಇಲ್ಲವೋ ಯಾರಿಗೂ ತಿಳಿಯದು.

ಜಗತ್ತು ಯಾವ ಯಾವ ಕಣಗಳಿಂದ ಆಗಿದೆ ಎಂಬುದಕ್ಕೆ ವಿಜ್ಞಾನಿಗಳ ಬಳಿ ಒಂದು ಪಟ್ಟಿಯಿದೆ. ಐವತ್ತು ವರ್ಷಗಳಿಂದ ಅದನ್ನು ಬಗೆಬಗೆಯಾಗಿ ಪರೀಕ್ಷಿಸಿದ್ದಾರೆ. ಪಟ್ಟಿ ಗಟ್ಟಿಯಾಗಿ ನಿಂತಿದೆ. ಆದರೂ ಅದು ಪೂರ್ಣವಲ್ಲವೆಂದು ಅವರಿಗೇ ಗೊತ್ತು. ನಕ್ಷತ್ರಗಳ ದೊಡ್ಡ ಗುಂಪುಗಳು ತಿರುಗುವ ವೇಗವನ್ನು ನೋಡಿದರೆ, ಕಣ್ಣಿಗೆ ಬೀಳುವ ವಸ್ತುವಿಗಿಂತ ಹಲವು ಪಟ್ಟು ಹೆಚ್ಚು ವಸ್ತು ಅಲ್ಲಿರಬೇಕು. ಅದು ಬೆಳಕು ಬೀರುವುದಿಲ್ಲ. ನಮ್ಮ ಮೈಯನ್ನು ಹಾಯ್ದು ಹೋದರೂ ನಮಗೆ ತಿಳಿಯುವುದಿಲ್ಲ. ಪಟ್ಟಿಯಲ್ಲಿರುವ ಯಾವ ಕಣವೂ ಅದಕ್ಕೆ ಹೊಂದುವುದಿಲ್ಲ. ಅಂಥದೊಂದು ಕಣ ಎಂದಾದರೂ ಹರಳಿಗೆ ತಾಗಿದರೆ ಕ್ಷಣದ ಮಿಣುಕೊಂದು ಹುಟ್ಟುತ್ತದೆ, ಅದನ್ನು ಯಂತ್ರ ಬರೆದುಕೊಳ್ಳುತ್ತದೆ.

ಕಷ್ಟವೆಂದರೆ, ಅದೇ ಬಗೆಯ ಮಿಣುಕನ್ನು ಬೇರೆಯವೂ ಎಬ್ಬಿಸುತ್ತವೆ. ಗ್ರಾನೈಟ್ ಕಲ್ಲು, ಗೋಡೆಯ ಸಿಮೆಂಟು, ಬಾಳೆಯ ಹಣ್ಣು, ಮನುಷ್ಯರ ಮೈ, ದೂಳಿನ ಕಣ, ಎಲ್ಲದರಲ್ಲೂ ಇಷ್ಟಿಷ್ಟು ವಿಕಿರಣ ಇದ್ದೇ ಇದೆ. ಅದಕ್ಕೇ ಗುಡ್ಡದ ಒಳಗಿನ ಸುರಂಗ, ಅದಕ್ಕೇ ಸೀಸದ ಗೋಡೆ. ಸೀಸವೂ ಹಳೆಯದಾದಷ್ಟು ಒಳ್ಳೆಯದಂತೆ. ಹೊಸ ಸೀಸದಲ್ಲಿ ಅದರದೇ ಗದ್ದಲವಿರುತ್ತದೆ. ಇವರ ಇಟ್ಟಿಗೆಗಳು ಕೆಡವಿದ ಬಂಗಲೆಗಳ ನೀರಿನ ಕೊಳವೆಗಳನ್ನು ಕರಗಿಸಿ ಎರೆದವು. ಕಾಣದ್ದು ಇದೆ ಎಂದು ನಂಬುವುದು ನನ್ನ ವಯಸ್ಸಿನವರಿಗೆ ಕಷ್ಟವಲ್ಲ. ಕಂಡೆನೆಂದು ಹೇಳುವ ಮೊದಲು ಇಷ್ಟು ಕೈ ತೊಳೆಯಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಗಂಗಾಭವಾನಿ ಹುಟ್ಟಿದ್ದು ಕೂಡ್ಲಿಗಿಯ ಹತ್ತಿರದ ಹಳ್ಳಿಯಲ್ಲಿ. ಹತ್ತನೆಯ ತರಗತಿಯವರೆಗೆ ಓದಿದ್ದಾರೆ. ಹತ್ತೊಂಬತ್ತಕ್ಕೆ ವಿಜಯವಾಡದ, ಅವರ ಬಾಯಲ್ಲಿ ಬೆಜವಾಡದ, ನಟರಾಜ ಎಂಬವರ ಕೈ ಹಿಡಿದು ತೆಲುಗರ ಮನೆ ಸೇರಿದರು. ನಟರಾಜ ಅವರಿಗೆ ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಇಬ್ಬರೂ ವಿಶಾಖಪಟ್ಟಣಕ್ಕೆ ಬಂದರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಗಂಗಾಭವಾನಿಯೂ ಅಲ್ಲೇ ಇನ್ನೊಂದು ಕಾರ್ಖಾನೆಯ ಮಾತ್ರೆ ತುಂಬುವ ವಿಭಾಗ ಸೇರಿದರು. ಹನ್ನೊಂದು ವರ್ಷ ಬೆಳಗಿನ ಕಂಪನಿ ಬಸ್ಸು ಹತ್ತಿದರು. ಶುದ್ಧ ಕೋಣೆಯ ಶಿಸ್ತನ್ನು ಕಲಿತದ್ದು ಅಲ್ಲಿ. ಅಲ್ಲಿ ಕಲಿತ ಇನ್ನೊಂದು ಅಭ್ಯಾಸವನ್ನು ಓದುಗರು ಗಮನಿಸಬೇಕು. ತಯಾರಾದ ಪ್ರತಿಯೊಂದು ಬ್ಯಾಚಿನ ಮಾತ್ರೆಯಿಂದಲೂ ಒಂದಿಷ್ಟನ್ನು ತೆಗೆದು, ದಿನಾಂಕ ಬರೆದು, ಮೂರು ವರ್ಷ ಎತ್ತಿಡುತ್ತಿದ್ದರು. ಮುಂದೆ ಯಾರಾದರೂ ದೂರು ತಂದರೆ ತೆಗೆದು ನೋಡಲು ಅದು ಬೇಕು.

"ಯಾವ್ದನ್ನೂ ಚೆಲ್ಲಬ್ಯಾಡ, ಚೆಲ್ಲಿದ್ರ ನಿನ್ನ ಕಡಿ ಸಾಕ್ಷಿ ಇರಂಗಿಲ್ಲ ಅಂತಿದ್ರು ನಮ್ಮ ಸೂಪರ್‌ವೈಜರಮ್ಮ. ಅದೊಂದು ಮಾತು ತಲ್ಯಾಗ ಕುಂತುಬಿಡ್ತು," ಎನ್ನುತ್ತಾರೆ.

ಏಳು ವರ್ಷಗಳ ಹಿಂದೆ ಸುರಂಗದ ಪ್ರಯೋಗಾಲಯಕ್ಕೆ ಶುದ್ಧ ಕೋಣೆಯ ಕೆಲಸ ಬಲ್ಲವರು ಬೇಕಾದಾಗ ಇಲ್ಲಿಗೆ ಬಂದರು. ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ಹೊಸದಾಗಿ ಕಾಗದವಾಗಬೇಕು. ಇಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಆಗ ಮುಖ್ಯಸ್ಥರಾಗಿದ್ದ ಕಾಮೇಶ್ವರ ಅವರು ಮಾತ್ರ "ಭವಾನಮ್ಮಾ" ಎನ್ನುತ್ತಾರೆ. ಸಂಶೋಧನೆ ಮಾಡುವ ಫಣಿಗೆ ತಾಯಿಯ ಕಡೆಯಿಂದ ಕನ್ನಡ ಬಂದಿದೆ. ಆಡುತ್ತಾನೆ, ಓದಲು ಬಾರದು. ಗಂಗಾಭವಾನಿಗೆ ಕನ್ನಡದಲ್ಲಿ ಜಗಳವಾಡಲು ಈ ಊರಿನಲ್ಲಿ ಇರುವವನು ಅವನೊಬ್ಬನೇ.

ಕೊರೊನಾದ ಎರಡನೆಯ ಅಲೆಯಲ್ಲಿ ನಟರಾಜ ತೀರಿಕೊಂಡರು. ಒಂಬತ್ತು ದಿನದ ಜ್ವರ. ಆ ವರ್ಷ ಧನುರ್ಮಾಸ ಬಂದಾಗ ಗಂಗಾಭವಾನಿ ಎಂದಿನಂತೆ ಮುಂಜಾನೆ ಮನೆಯ ಮುಂದೆ ನೀರು ಹಾಕಿ ರಂಗೋಲಿಗೆ ಕುಳಿತರು. ಆಂಧ್ರದಲ್ಲಿ ಅದನ್ನು ಮುಗ್ಗು ಎನ್ನುತ್ತಾರೆ. ಸಂಕ್ರಾಂತಿಯವರೆಗೆ ಆ ಒಂದು ತಿಂಗಳು ಓಣಿಯಲ್ಲಿ ಯಾರ ಮುಗ್ಗು ದೊಡ್ಡದು ಎಂಬುದೇ ಮಾತು. ಎದುರು ಮನೆಯ ಪದ್ಮಾ ಹೊರಗೆ ಬಂದು ಮೆತ್ತಗೆ ಹೇಳಿದಳು: "ನಿಮಗ್ಯಾಕೆ ಶ್ರಮ ಪಿನ್ನೀ. ಇನ್ನು ನಿಮ್ಮ ಹುಡುಗಿ ಹಾಕಲಿ ಬಿಡಿ." ಚಿಕ್ಕಮ್ಮನನ್ನು ಕರೆಯುವ ಪ್ರೀತಿಯ ಮಾತೇ ಅದು, ಪಿನ್ನಿ. ಆದರೆ ಹೇಳಿದ್ದು ಏನೆಂದು ಇಬ್ಬರಿಗೂ ತಿಳಿದಿತ್ತು. ಹುಡುಗಿ ಅಚ್ಯುತಾಪುರಂನ ಕಾರ್ಖಾನೆಗೆ ಮೊದಲ ಪಾಳಿಯಲ್ಲಿ ಹೋಗುವವಳು. ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾಳೆ.

ಮಾರನೆಯ ದಿನ ಗಂಗಾಭವಾನಿ ಮುಗ್ಗಿನ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಬಂದರು. ಸುರಂಗದ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ಹದಿನೈದು ಚುಕ್ಕಿಯ ಮುಗ್ಗು ಹಾಕಿದರು. ಇಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ. ಪ್ರಯೋಗಾಲಯದ ಹುಡುಗರು ಬಂದು ಪಕ್ಕದಲ್ಲಿ ಚಪ್ಪಲಿ ಬಿಟ್ಟು, ತುಳಿಯದೆ ದಾಟಿ ಹೋದರು.

ನನ್ನ ಮನೆಯಾಕೆ ಹೋಗಿ ಹನ್ನೊಂದು ತಿಂಗಳು. ಅಂದಿನಿಂದ ನಮ್ಮ ಹೊಸಿಲ ಮುಂದೆ ರಂಗೋಲಿ ಬಿದ್ದಿಲ್ಲ. ಇದನ್ನು ಕೇಳುವಾಗ ನಾನು ಬರೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಗಂಗಾಭವಾನಿ ನೀರಿನ ಲೋಟ ಮುಂದಿಟ್ಟರು.

ಮುಗ್ಗಿನ ಬಗ್ಗೆ ಇನ್ನೊಂದು ವಿವರ ಹೇಳಬೇಕು. ಬರಿಯ ಹಿಟ್ಟು ಬೆರಳಿನಿಂದ ಸರಾಗವಾಗಿ ಇಳಿಯುವುದಿಲ್ಲವೆಂದು ಹೆಂಗಸರು ಅದಕ್ಕೆ ಸಣ್ಣ ಮರಳು ಬೆರೆಸುತ್ತಾರೆ. ಇದನ್ನು ಕಲಿಸಿದವರು ವಿಜಯವಾಡದ ಅತ್ತೆ ಸೀತಾಮಹಾಲಕ್ಷ್ಮಿ. ಅವರು ಬೆರೆಸುತ್ತಿದ್ದುದು ಕೃಷ್ಣಾ ನದಿಯ ಮರಳನ್ನು. ವಿಶಾಖಪಟ್ಟಣದ ಕಡಲಗಾಳಿಗೆ ಅದೂ ನಿಲ್ಲುವುದಿಲ್ಲ, ಗೆರೆ ಹಾರಿಹೋಗುತ್ತದೆ. ಭೀಮಿಲಿಯ ದಂಡೆಯಲ್ಲಿ ಅಲೆ ಹಿಂದೆ ಸರಿದಾಗ ಕಪ್ಪಗೆ ಹೊಳೆಯುವ, ತೂಕವಾದ ಮರಳಿನ ಪಟ್ಟೆ ಉಳಿಯುತ್ತದೆ. ಗಂಗಾಭವಾನಿ ಅದನ್ನು ತಂದು, ಒಣಗಿಸಿ, ಜರಡಿ ಹಿಡಿದು ಬೆರೆಸಿದರು. ಬಣ್ಣ ಸ್ವಲ್ಪ ಮಾಸಿತು. ಗೆರೆ ಮಾತ್ರ ಹಾಕಿದ ಜಾಗದಲ್ಲಿ ನಿಂತಿತು.

ಹರಳು ಕೆಲಸ ಆರಂಭಿಸಿದ್ದೂ ಅದೇ ವರ್ಷ. ಸಾಮಾನ್ಯವಾಗಿ ದಿನಕ್ಕೆ ಹನ್ನೊಂದು ಮಿಣುಕು. ಡಿಸೆಂಬರ್ ನಡುವಿನಿಂದ ಅದು ಹದಿನಾಲ್ಕಕ್ಕೆ ಏರಿತು. ಜನವರಿ ಕಳೆಯುವಾಗ ಮೆಲ್ಲಗೆ ಹನ್ನೊಂದಕ್ಕೆ ಇಳಿಯಿತು. ಮರುವರ್ಷವೂ ಹಾಗೆಯೇ ಆಯಿತು. ಪ್ರಯೋಗಾಲಯದಲ್ಲಿ ಯಾರೂ ಗಟ್ಟಿಯಾಗಿ ಮಾತಾಡದಾದರು. ಏಕೆಂದರೆ, ಕಾಣದ ಆ ವಸ್ತುವಿನ ಗುರುತೇ ಋತುವಿನೊಡನೆ ಏರಿಳಿಯುವುದು. ಭೂಮಿ ಸೂರ್ಯನನ್ನು ಸುತ್ತುವಾಗ ಅರ್ಧ ವರ್ಷ ಆ ಕಣಗಳ ಹರಿವಿಗೆ ಎದುರಾಗಿ, ಅರ್ಧ ವರ್ಷ ಅದರ ಜೊತೆಗೆ ಸಾಗುತ್ತದೆ. ತೀರ ಮಂದವಾದ ಮಿಣುಕುಗಳ ಲೆಕ್ಕ ಚಳಿಗಾಲದಲ್ಲಿ ಏರಬಹುದೆಂದು ಗಣಿತ ಹೇಳುತ್ತಿತ್ತು. ಇಲ್ಲಿ ಏರಿದವು ಮಂದವಾದ ಮಿಣುಕುಗಳೇ.

ಇನ್ನೊಂದೇ ಚಳಿಗಾಲ, ಇನ್ನೊಂದು ಊರು, ಅಲ್ಲೂ ಕಂಡರೆ ಲೋಕಕ್ಕೆ ಹೇಳೋಣ ಎಂದರು ಕಾಮೇಶ್ವರ. ವಿಜಯವಾಡದಿಂದ ಗನ್ನವರಂ ಕಡೆಗೆ ಹೋಗುವ ದಾರಿಯಲ್ಲಿ ಕಾಲೇಜೊಂದರ ನೆಲಮಾಳಿಗೆಯಲ್ಲಿ ಎರಡನೆಯ ಹರಳನ್ನು ಹೂಡಿದರು. ಅದನ್ನು ನೋಡಿಕೊಳ್ಳಲು ಗಂಗಾಭವಾನಿಯನ್ನು ಕಳಿಸಿದರು. ಅತ್ತೆಯ ಮನೆ ಅದೇ ಊರಿನ ಮಾಚವರಂನಲ್ಲಿ ಇತ್ತು. ಡಿಸೆಂಬರ್ ಮೊದಲ ವಾರ, ಬಟ್ಟೆಯ ಚೀಲದಲ್ಲಿ ಮುಗ್ಗಿನ ಡಬ್ಬಿಯನ್ನೂ ಇಟ್ಟುಕೊಂಡು ಅವರು ರೈಲು ಹತ್ತಿದರು. ನೆಲಮಾಳಿಗೆಯ ಮೆಟ್ಟಿಲ ಬಳಿ ದಿನವೂ ಮುಗ್ಗು ಹಾಕಿದರು.

ಸಂಕ್ರಾಂತಿಗೆ ಒಂಬತ್ತು ದಿನ ಇರುವಾಗ ಫಣಿ ಫೋನು ಮಾಡಿದ.

"ಅಕ್ಕಾ, ಬಂತು ಅಕ್ಕಾ. ಅಲ್ಲೂ ಬಂತು. ಹನ್ನೊಂದರಿಂದ ಹದಿನಾಲ್ಕು."

"ನಿಮ್ಮ ಕಡಿ?"

"ಇಲ್ಲಿ ಏನೋ ತಿಳೀತಿಲ್ಲ. ಹನ್ನೊಂದೇ ಇದೆ. ಸೆನ್ಸರ್ ಮುದಿಯಾಗಿದೆ ಅಂತಾರೆ ಸಾರ್. ಬದಲಾಯಿಸ್ತೀವಿ. ನಿಮ್ಮದು ಬಂತಲ್ಲ, ಅದು ಸಾಲ್ತದೆ."

ಎಲ್ಲರೂ ವಿಜಯವಾಡದ ಹದಿನಾಲ್ಕನ್ನು ನೋಡುತ್ತಿದ್ದರು. ಗಂಗಾಭವಾನಿ ವಿಶಾಖಪಟ್ಟಣದ ಹನ್ನೊಂದನ್ನು ನೋಡಿದರು.

"ಕಣ ಆಗಿದ್ರ ಎರಡೂ ಊರಾಗ ಬರಬೇಕಲ್ರೀ. ಅದು ಎಲ್ಲಾ ಕಡಿ ಐತಿ ಅಂತ ಇವ್ರ ಹೇಳ್ತಾರ. ವೈಜಾಗ್ ಬಿಟ್ಟು ಬೆಜವಾಡಕ್ಕ ಬಂತು ಅಂದ್ರ, ಅದೇನು ರೈಲ್ ಹತ್ತಿ ಬಂತಾ? ರೈಲ್ ಹತ್ತಿ ಬಂದಾಕಿ ನಾ ಒಬ್ಬಾಕೀನ."

ಒಳಗೆ ಒಯ್ಯುವ ಸ್ಕ್ರೂಡ್ರೈವರಿನಿಂದ ಹಿಡಿದು ಬಟ್ಟೆಯ ಚೂರಿನವರೆಗೆ ಎಲ್ಲವನ್ನೂ ಮೊದಲು ವಿಕಿರಣ ಎಣಿಸುವ ಒಂದು ಸಣ್ಣ ಯಂತ್ರದ ಮುಂದೆ ಇಟ್ಟು ನೋಡುವುದು ಅಲ್ಲಿನ ರೂಢಿ. ಸುಮ್ಮನಿದ್ದಾಗ ಅದು ನಿಮಿಷಕ್ಕೆ ಇಪ್ಪತ್ತು ಸಲ ಟಿಕ್ ಎನ್ನುತ್ತದೆ. ಅದಕ್ಕಿಂತ ಹೆಚ್ಚಾದರೆ ವಸ್ತು ಹೊರಗೆ. ಗಂಗಾಭವಾನಿ ಮೂರು ದಿನ, ಕೆಲಸ ಮುಗಿದ ಮೇಲೆ, ತಮ್ಮ ಸಾಮಾನನ್ನು ಒಂದೊಂದಾಗಿ ಅದರ ಮುಂದಿಟ್ಟರು. ಮೈಸಾಬೂನು, ತಲೆಯೆಣ್ಣೆ, ಕುಂಕುಮದ ಕರಡಿಗೆ, ಅರಿಸಿನ, ನೀರಿನ ಬಾಟಲಿ, ಚಪ್ಪಲಿ, ಗಂಡನ ಕೈಗಡಿಯಾರ. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತು. ಮುಗ್ಗಿನ ಡಬ್ಬಿಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟರು.

ಕೊನೆಗೆ ಏಕೆ ಎಂದು ಕೇಳಿದೆ.

"ಅದಾಗಿರಬಾರದು ಅಂತ."

ನಿಮಿಷಕ್ಕೆ ಎಪ್ಪತ್ತೆರಡು. ಡಬ್ಬಿ ತೆಗೆದರೆ ಇಪ್ಪತ್ತು. ಮತ್ತೆ ಇಟ್ಟರೆ ಎಪ್ಪತ್ತು. ಭೀಮಿಲಿಯ ಕಪ್ಪು ಮರಳಿನಲ್ಲಿ ಥೋರಿಯಂ ಇರುವ ಖನಿಜ ಸ್ವಲ್ಪ ಸೇರಿರುತ್ತದೆ. ಮನುಷ್ಯರಿಗೆ ಅಷ್ಟರಿಂದ ತೊಂದರೆಯಿಲ್ಲ. ಹರಳಿಗೆ ಒಂದು ಚಿಟಿಕೆ ಸಾಕು. ದಾರಿಯನ್ನೂ ಅವರೇ ಹುಡುಕಿದರು. ವಾರಕ್ಕೊಮ್ಮೆ ತಾಮ್ರದ ಪೆಟ್ಟಿಗೆಯ ಮುಚ್ಚಳ ತೆರೆದು, ತೇವ ಹೀರುವ ಗುಂಡುಗಳ ಬಟ್ಟೆಯ ಪೊಟ್ಟಣವನ್ನು ಬದಲಿಸುವುದು ಅವರದೇ ಕೆಲಸ. ಮುಗ್ಗು ಹಾಕಿದ ಮೇಲೆ ಕೈ ತೊಳೆಯುತ್ತಿದ್ದರು, ನಿಜ. ಉಗುರಿನ ಸಂದಿಯಲ್ಲಿ ಒಂದೆರಡು ಕಾಳು ಮರಳು ಉಳಿಯುತ್ತಿತ್ತು. ಪರವಾಡದಲ್ಲಿ ಗವಸು ತೊಡಿಸಲು ಇನ್ನೊಬ್ಬರಿರುತ್ತಿದ್ದರು, ಇಲ್ಲಿ ಒಬ್ಬರೇ. ಎಡಗೈಗೆ ಎಳೆದುಕೊಳ್ಳುವಾಗ ಬಲಗೈಯ ಬೆರಳು ಗವಸಿನ ಹೊರಮೈಗೆ ತಾಗುತ್ತಿತ್ತು. ಗವಸಿನಿಂದ ಪೊಟ್ಟಣಕ್ಕೆ, ಪೊಟ್ಟಣದಿಂದ ಹರಳಿನ ಪಕ್ಕಕ್ಕೆ. ಸಂಕ್ರಾಂತಿ ಕಳೆದು ಮುಗ್ಗು ನಿಂತ ಮೇಲೆ ಹೊಸ ಪೊಟ್ಟಣಗಳೊಡನೆ ಮಿಣುಕೂ ಇಳಿಯುತ್ತಿತ್ತು.

ಇದು ಗೊತ್ತಿದ್ದುದು ಅವರೊಬ್ಬರಿಗೆ. ಕಾಮೇಶ್ವರ ಮಾರ್ಚಿನಲ್ಲಿ ನಿವೃತ್ತರಾಗುವವರು. ಅದಕ್ಕೆ ಮೊದಲು ಹೊರದೇಶದ ಸಭೆಯೊಂದರಲ್ಲಿ ಈ ಏರಿಕೆಯ ಬಗ್ಗೆ ಮಾತಾಡುವುದು ನಿಗದಿಯಾಗಿತ್ತು. ಫಣಿಯ ಐದು ವರ್ಷದ ಪ್ರಬಂಧ ನಿಂತಿದ್ದುದೇ ಅದರ ಮೇಲೆ. ಏಪ್ರಿಲ್‌ನಲ್ಲಿ ಗಂಗಾಭವಾನಿಯ ಗುತ್ತಿಗೆಯ ಕಾಗದ ಹೊಸದಾಗಬೇಕಿತ್ತು.

"ಡಬ್ಬಿ ಒಯ್ದು ಕಾಲುವ್ಯಾಗ ಸುರುವಿದ್ರ ಮುಗೀತಿತ್ರಿ. ಬೆಜವಾಡದಾಗ ಕಾಲುವಿಗೇನು ಬರಾ? ಮನಿಗೆ ಹೋಗೋ ದಾರ್ಯಾಗ ಒಂದು ಐತಿ. ಅದರ ಮ್ಯಾಲ ನಿಂತಿದ್ದೆ ಕೂಡ. ಸುಳ್ಳು ಯಾಕ ಹೇಳ್ಲಿ."

ಎಷ್ಟು ಹೊತ್ತು ನಿಂತಿದ್ದಿರಿ?

"ಎರಡು ಬಸ್ಸು ಹೋದ್ವು. ಆಮ್ಯಾಲ ಅನ್ನಿಸ್ತು, ಹನ್ನೊಂದು ವರ್ಷ ಮಾತ್ರಿ ಮಾಡಿದಾಕಿ ನಾನು. ತಪ್ಪು ಮಾತ್ರಿ ಹೊರಗ ಹೋತಂದ್ರ ಯಾರೋ ನುಂಗ್ತಾರ. ಇದನ್ನೂ ಯಾರೋ ನುಂಗ್ತಾರ. ಓದಿದವ್ರು ನುಂಗ್ತಾರ, ಅಷ್ಟ ಫರಕು."

ಅಲ್ಲಿಂದಲೇ ಫಣಿಗೆ ಫೋನು ಮಾಡಿ, ನಾಳೆ ಮುಂಜಾನೆಯ ರೈಲಿಗೆ ಹೊರಟು ಬಾ ಎಂದರು. ಅವನು ಸಿಹಿಯ ಪೆಟ್ಟಿಗೆ ಹಿಡಿದು ಬಂದ. ಅವನ ಕೈಗೆ ಡಬ್ಬಿ ಕೊಟ್ಟು, ನೀನೇ ಇಟ್ಟು ನೋಡು ಎಂದರು. ಮೂರು ಸಲ ಎಣಿಸಿದ. ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಇದು ಇಲ್ಲಿನ ಮಾತು ಅಕ್ಕಾ. ವೈಜಾಗ್‌ನಲ್ಲಿ ಎರಡು ವರ್ಷ ಬಂತಲ್ಲ, ಅದು ನಿಜ ಇರಬಹುದು. ಅದೂ ಇದೇ ಅಂತ ಹೇಳೋಕೆ ಪ್ರೂಫ್ ಏನು?"

"ಐತಿ."

"ಏನಿದೆ?"

"ಪೊಟ್ಟಣ ಅದಾವ. ಡ್ರಮ್ಮಿನಾಗ. ಒಂದೂ ಚೆಲ್ಲಿಲ್ಲ ನಾ."

ಫಣಿ ಅವರ ಮುಖವನ್ನೇ ನೋಡಿದ. "ಸ್ವಲ್ಪ ಚೆಲ್ಲಬಾರದಿತ್ತಾ ಅಕ್ಕಾ," ಎಂದ. ಆಮೇಲೆ ಇಬ್ಬರೂ ನಕ್ಕರಂತೆ. ನಗು ನಿಂತ ಮೇಲೆ ಅವನು ಅತ್ತ. ಸಿಹಿಯ ಪೆಟ್ಟಿಗೆಯನ್ನು ಕಾಲೇಜಿನ ಕಾವಲುಗಾರನಿಗೆ ಕೊಟ್ಟು, ಮಧ್ಯಾಹ್ನದ ರೈಲಿಗೆ ವಿಶಾಖಪಟ್ಟಣಕ್ಕೆ ಹೊರಟರು.

ಡ್ರಮ್ಮಿನಲ್ಲಿ ಎರಡು ವರ್ಷದ ಪೊಟ್ಟಣಗಳಿದ್ದವು, ವಾರಕ್ಕೊಂದರಂತೆ ನೂರಕ್ಕಿಂತ ಹೆಚ್ಚು. ಪ್ರತಿಯೊಂದಕ್ಕೂ ಚೀಟಿ ಹೊಲಿದಿದ್ದರು. ಚೀಟಿಯ ಮೇಲೆ ದಿನಾಂಕ ಕನ್ನಡದ ಅಂಕಿಯಲ್ಲಿತ್ತು. ಹೀಗಾಗಿ ಓದುವವರು ಗಂಗಾಭವಾನಿ, ಯಂತ್ರದ ಮುಂದೆ ಇಟ್ಟು ಬರೆದುಕೊಳ್ಳುವವನು ಫಣಿ. ನಾಲ್ಕು ದಿನ ಹಿಡಿಯಿತು. ಆಷಾಢದ ಪೊಟ್ಟಣ ಸುಮ್ಮನಿತ್ತು. ದಸರೆಯದು ಸುಮ್ಮನಿತ್ತು. ಧನುರ್ಮಾಸದ ಎಲ್ಲ ಪೊಟ್ಟಣಗಳೂ, ಎರಡೂ ವರ್ಷದವು, ಮಾತಾಡಿದವು.

ಕಾಮೇಶ್ವರ ಇಡೀ ಪಟ್ಟಿಯನ್ನು ನೋಡಿ ಮುಗಿಸುವವರೆಗೆ ತಲೆ ಎತ್ತಲಿಲ್ಲ. ಎತ್ತಿದಾಗ ತೆಲುಗಿನಲ್ಲಿ ಹೇಳಿದ ಮಾತನ್ನು ಗಂಗಾಭವಾನಿ ಅವರದೇ ಧಾಟಿಯಲ್ಲಿ ನನಗೆ ಹೇಳಿ ತೋರಿಸಿದರು: "ಭವಾನಮ್ಮಾ, ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ನೀವು ಅದನ್ನು ಡಬ್ಬಿಯಲ್ಲಿ ತುಂಬಿಸಿ ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದಿರಾ."

ನಾನು ಕಾಮೇಶ್ವರ ಅವರನ್ನೂ ಕಂಡೆ. ನಿವೃತ್ತರಾಗಿ ಮನೆಯಲ್ಲಿದ್ದಾರೆ. ಆ ಮಾತು ತಮಾಷೆಗೆ ಆಡಿದಿರೋ ಸಿಟ್ಟಿಗೋ ಎಂದು ಕೇಳಿದೆ. "ಎರಡಕ್ಕೂ," ಎಂದರು. "ಆ ಸಂಜೆ ನನಗೆ ಊಟ ಸೇರಲಿಲ್ಲ. ಆದರೆ ನೋಡಿ, ಆಕೆ ಹೇಳದಿದ್ದರೆ ನಾನು ಸಭೆಯಲ್ಲಿ ನಿಂತು ಹೇಳಿಬಿಡುತ್ತಿದ್ದೆ. ಎರಡು ವರ್ಷದಲ್ಲಿ ಇನ್ನಾರೋ ಅದನ್ನು ಅಳಿಸುತ್ತಿದ್ದರು. ಆಗ ಸೇರದ ಊಟ ಸಾಯುವವರೆಗೂ ಸೇರುತ್ತಿರಲಿಲ್ಲ."

ಸಭೆಗೆ ಅವರು ಹೋದರು. ಹೊಸ ಕಣವನ್ನು ಹೇಳಲಿಲ್ಲ. ಅದು ಹೊಸ ಕಣವಲ್ಲವೆಂದು ಹೇಗೆ ತಿಳಿಯಿತೆಂಬುದನ್ನು ಹೇಳಿ ಬಂದರು. ಅದಕ್ಕಾಗಿ ಬರೆದ ಲೇಖನದಲ್ಲಿ ಮೊದಲು "ಸಿಬ್ಬಂದಿಯ ಅಜಾಗರೂಕತೆಯಿಂದ" ಎಂಬ ಅರ್ಥದ ಮಾತಿತ್ತು. ಫಣಿ ಅದನ್ನು ಓದಿ ಹೇಳಿದಾಗ ಗಂಗಾಭವಾನಿ ಒಪ್ಪಲಿಲ್ಲ.

"ಸಿಬ್ಬಂದಿ ಅಂದ್ರ ಯಾರು? ನಾಳಿ ಇನ್ನೊಬ್ಬಾಕಿ ಮ್ಯಾಲ ಬರ್ತೈತಿ. ಯಾರ ಕೈ, ಯಾವ ಊರಿನ ಮರಳು, ಗವಸು ಹೆಂಗ ಹಾಕ್ಕೊಂಡ್ಲು, ಎಲ್ಲಾ ಬರೀರಿ ಅಂದೆ. ಬರೆದ್ರ ಮಂದಿಗೆ ಉಪಯೋಗ ಆಕ್ಕೈತಿ. ನನಗ ನಾಚಿಕಿ ಆದ್ರ ಅದು ನನ್ನ ಪಾಡು."

ಹಾಗೆಯೇ ಬರೆದರು. ಲೇಖನ ಬರೆದವರ ಸಾಲಿನಲ್ಲಿ ಅವರ ಹೆಸರೂ ಇದೆ. ಗುತ್ತಿಗೆಯ ಕಾಗದವೂ ಆಯಿತು, ಹತ್ತು ದಿನ ತಡವಾಗಿ. ಆ ಹತ್ತು ದಿನವೂ ಅವರು ದಿನದಂತೆ ಬಂದು ಇಟ್ಟಿಗೆ ತೊಳೆದಿದ್ದಾರೆ. ಫಣಿಯ ಪ್ರಬಂಧಕ್ಕೆ ಇನ್ನೊಂದು ವರ್ಷ ಬೇಕಾಯಿತು. ಈಗ ಅದರಲ್ಲಿರುವುದು ಇಂಥಿಂಥ ತೂಕದ, ಇಂಥಿಂಥ ಗುಣದ ಕಣ ಇಲ್ಲವೆಂಬ ಲೆಕ್ಕ. ಹುಡುಕುವವರಿಗೆ ಅಷ್ಟು ಜಾಗ ಕಡಿಮೆಯಾಯಿತು ಎನ್ನುತ್ತಾನೆ.

ಅತ್ತೆ ಸೀತಾಮಹಾಲಕ್ಷ್ಮಿಗೆ ಎಪ್ಪತ್ತೆಂಟು. ಸುದ್ದಿ ಕೇಳಿ ಅವರಿಗೆ ಬಂದ ಸಿಟ್ಟೇ ಬೇರೆ. ಅವರ ಕೃಷ್ಣಾ ಮರಳನ್ನೂ ಯಂತ್ರದ ಮುಂದಿಟ್ಟಾಗ ಇಪ್ಪತ್ತೊಂದೇ ಬಂದಿತ್ತು. "ನಾನು ಕಲಿಸಿದ್ದು ಸರಿಯಾಗಿಯೇ ಇತ್ತು. ಕೃಷ್ಣಮ್ಮನ ಮರಳಿಗೆ ಯಾವ ದೋಷವೂ ಇಲ್ಲ. ನಿಮ್ಮ ವೈಜಾಗ್‌ನವರಿಗೆ ಸಮುದ್ರವಿದೆ ಎಂದು ಜಂಬ ಅಷ್ಟೇ," ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಪ್ರಯೋಗಾಲಯದ ಗೇಟಿನಾಚೆ, ಬರಿಯ ಅಕ್ಕಿಹಿಟ್ಟಿನಲ್ಲಿ ಹಾಕಿಕೊಳ್ಳಿ ಎಂದು ಕಾಮೇಶ್ವರ ಹೇಳಿದ್ದರಂತೆ. ಗಂಗಾಭವಾನಿ ಬೇಡವೆಂದರು. ಮುಂದಿನ ಧನುರ್ಮಾಸ ಬಂದಾಗ ತಮ್ಮ ಮನೆಯ ಮುಂದೆಯೇ ನೀರು ಹಾಕಿ ಕುಳಿತರು. ಪದ್ಮಾ ಹೊರಗೆ ಬಂದಳು.

"ಏನಂದ್ಲು?"

"ಅದನ ಅಂದ್ಲು, ನಿಮಗ್ಯಾಕ ಶ್ರಮ ಪಿನ್ನೀ ಅಂತ. ಇಪ್ಪತ್ತೊಂದು ಚುಕ್ಕಿದು ಹಾಕೀನಿ, ಸ್ವಲ್ಪ ಆ ಕಡಿ ಸರಿದು ನಿಂದ್ರು, ನೆರಳು ಬೀಳ್ತೈತಿ ಅಂದೆ. ಇನ್ನೂ ಗೊಣಗ್ತಾಳ. ಗೊಣಗಲಿ."

ಹಾಕಿ ಮುಗಿಸಿ ಬಂದು, ಸುರಂಗದ ಕೋಣೆಯಲ್ಲಿ ಉಗುರು ತೆಗೆದು, ಸ್ನಾನ ಮಾಡಿ, ಇನ್ನೊಬ್ಬರ ಕೈಯಿಂದ ಗವಸು ತೊಡಿಸಿಕೊಳ್ಳುತ್ತಾರೆ. ಆ ಚಳಿಗಾಲ ಎರಡು ಊರಿನಲ್ಲೂ ದಿನಕ್ಕೆ ಹನ್ನೊಂದೇ ಮಿಣುಕು. ಈ ಚಳಿಗಾಲ ಒಂಬತ್ತು. ಇಟ್ಟಿಗೆಗಳನ್ನು ಮೂರು ಸಲ ತೊಳೆಯತೊಡಗಿದ ಮೇಲೆ ಇಳಿದ ಲೆಕ್ಕ ಅದು. ಈಗ ತೊಳೆಯುತ್ತಿರುವ ಇಟ್ಟಿಗೆಗಳು ವಿಜಯವಾಡದ ಹೊಸ ಗೋಡೆಗೆ, ಇನ್ನೂ ದೊಡ್ಡ ಹರಳಿಗೆ. ಒಟ್ಟು ಒಂಬೈನೂರು ಬೇಕು. ನಾನು ಹೋದ ದಿನಕ್ಕೆ ನಾನೂರ ಎಂಬತ್ತು ಮುಗಿದಿದ್ದವು. ಬಲಗೈಯ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಆಳು ಕೊಡುತ್ತೇವೆಂದರೆ, ತಾವು ಕಲಿಸಿ ಒಪ್ಪಿದ ಮೇಲೆಯೇ ಕೊಡಿ ಎಂದಿದ್ದಾರೆ. ಇದುವರೆಗೆ ಒಬ್ಬಳನ್ನು ಒಪ್ಪಿದ್ದಾರೆ.

ಹೊರಡುವ ಮುನ್ನ, ಆ ಕಣ ನಿಜವಾಗಿ ಇದೆಯೆಂದು ನಿಮಗೆ ಅನ್ನಿಸುತ್ತದೆಯೇ ಎಂದು ಕೇಳಿದೆ. ಗಂಗಾಭವಾನಿ ಕೈಯಲ್ಲಿದ್ದ ಇಟ್ಟಿಗೆಯನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ ಮುಗಿಸಿ, ಹಾಸಿನ ಮೇಲಿಟ್ಟು, ಆಮೇಲೆ ಉತ್ತರ ಕೊಟ್ಟರು.

"ಇದ್ರ ಬರ್ತೈತ್ರಿ ಅಜ್ಜಾರ. ಬಂದ ದಿನ, ಇದು ಭವಾನಿ ತಂದದ್ದಲ್ಲ ಅಂತ ಎಲ್ಲಾರೂ ಒಪ್ಪಬೇಕು. ನನಗ ಅಷ್ಟ ಬೇಕು."